ಗಂಡುಕರುವಿನ ಲೆಕ್ಕ

(ಮೂಡುಬಿದಿರೆಯ ನೆರೆಯ ತೋಡಾರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಹೈನುಗಾರಿಕೆ, ಪರಿಸರ ಮತ್ತು ವೀಗನ್ ವಾದ ಇವತ್ತಿನ ವಿಷಯ. ಇದನ್ನು ಆರಿಸಿಕೊಳ್ಳಲು ಕಾರಣ ಈ ಸಭೆಯಲ್ಲೇ ಇದೆ. ಬೆಳಗ್ಗೆ ಐದಕ್ಕೆ ಎದ್ದು ಹಾಲು ಕರೆದು ಸೊಸೈಟಿಗೆ ಹಾಕಿ ಬಂದವರು ಇಲ್ಲಿ ಕೂತಿದ್ದೀರಿ. ಹಾಲು, ಮೊಸರು, ತುಪ್ಪ ಯಾವುದೂ ಬೇಡ, ಅದರಲ್ಲಿ ಹಿಂಸೆಯಿದೆ, ಭೂಮಿ ಬಿಸಿಯಾಗುವುದಕ್ಕೂ ಅದು ಕಾರಣ ಎನ್ನುವ ಎಳೆಯರೂ ಇದ್ದೀರಿ. ಕೆಲವು ಮನೆಗಳಲ್ಲಿ ಈ ಇಬ್ಬರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ. ಮಗಳಿಗೆ ಅಮ್ಮ ಕ್ರೂರಿಯಂತೆ ಕಾಣುತ್ತಾಳೆ, ಅಮ್ಮನಿಗೆ ಮಗಳು ಪೇಟೆಯ ಹುಚ್ಚು ಹಿಡಿಸಿಕೊಂಡಂತೆ. ಇಬ್ಬರೂ ಅಲ್ಲ ಎಂದು ನಾನು ನಂಬಿದ್ದೇನೆ. ಇಬ್ಬರ ಲೆಕ್ಕದಲ್ಲೂ ಒಂದು ಸಾಲು ಬಿಟ್ಟುಹೋಗಿದೆ. ಆ ಸಾಲನ್ನು ಬರೆಯುವುದೇ ಇವತ್ತಿನ ನನ್ನ ಕೆಲಸ.

ಮೊದಲು ಹೊರಗಿನ ಮಾತು, ಚುಟುಕಾಗಿ. 1944ರಲ್ಲಿ ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಕೆಲವು ಗೆಳೆಯರು ವೀಗನ್ ಸೊಸೈಟಿ ಕಟ್ಟಿದರು. ಸಸ್ಯಾಹಾರಿಗಳೇ ಆಗಿದ್ದ ಅವರಿಗೆ, ಹಾಲು–ಮೊಟ್ಟೆ ತಿನ್ನುತ್ತ ಅಹಿಂಸೆಯ ಮಾತಾಡುವುದು ಸರಿಕಾಣಲಿಲ್ಲ. ಪರಿಸರದ ಲೆಕ್ಕ ಬಹಳ ಕಾಲದ ಮೇಲೆ ಸೇರಿಕೊಂಡಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2006ರ ವರದಿಯಲ್ಲಿ, ಮನುಷ್ಯನಿಂದ ಹೊರಬೀಳುವ ಹಸಿರುಮನೆ ಅನಿಲಗಳಲ್ಲಿ ಶೇ. 18ರಷ್ಟು ಜಾನುವಾರು ಸಾಕಣೆಯದು ಎಂದಿತು. 2013ರಲ್ಲಿ ಅದನ್ನು ಶೇ. 14.5ಕ್ಕೆ, 2023ರಲ್ಲಿ ಸುಮಾರು ಶೇ. 12ಕ್ಕೆ ಇಳಿಸಿತು. 2018ರಲ್ಲಿ ಪೂರ್ ಮತ್ತು ನೆಮೆಚೆಕ್ ಎಂಬ ಇಬ್ಬರು ಸಂಶೋಧಕರು 119 ದೇಶಗಳ ಸುಮಾರು 38,700 ಹೊಲ–ಫಾರ್ಮುಗಳ ಮಾಹಿತಿ ಒಟ್ಟುಮಾಡಿ, ಜಗತ್ತು ಪ್ರಾಣಿಜನ್ಯ ಆಹಾರ ಬಿಟ್ಟರೆ ಕೃಷಿಗೆ ಬಳಸುವ ಭೂಮಿಯಲ್ಲಿ ನಾಲ್ಕರಲ್ಲಿ ಮೂರು ಭಾಗ ಬಿಡುಗಡೆಯಾಗುತ್ತದೆ ಎಂದು ತೋರಿಸಿದರು. ನಮ್ಮ ದೇಶದ್ದನ್ನೇ ನೋಡಿದರೂ, ಕೃಷಿಯಿಂದ ಬರುವ ಹಸಿರುಮನೆ ಅನಿಲಗಳಲ್ಲಿ ಅರ್ಧಕ್ಕಿಂತ ಹೆಚ್ಚು ದನ–ಎಮ್ಮೆಯಂಥ ಮೆಲುಕು ಹಾಕುವ ಪ್ರಾಣಿಗಳು ಹೊರಬಿಡುವ ಮೀಥೇನ್. ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿ ಹಿಡಿದಿಡುವ ಅನಿಲ ಅದು.

ಈ ಅಂಕಿಗಳನ್ನು ತಳ್ಳಿಹಾಕಲು ನನಗೆ ಕಾರಣ ಕಾಣುವುದಿಲ್ಲ. ನಮ್ಮ ಗೋವು ಪವಿತ್ರ, ಅದರ ಉಸಿರು ಲೆಕ್ಕಕ್ಕಿಲ್ಲ ಎಂದು ವಾದಿಸುವವರಿದ್ದಾರೆ. ವಾತಾವರಣಕ್ಕೆ ಆ ಭೇದ ತಿಳಿಯದು. ಆದರೆ ಆ ಅಂಕಿಗಳಲ್ಲಿ ದನ ಎಂದರೆ ಮುಖ್ಯವಾಗಿ ಹಾಲು, ಇಲ್ಲವೆ ಮಾಂಸ. ನಮ್ಮ ಕರಾವಳಿಯಲ್ಲಿ ದನವನ್ನು ಕಟ್ಟಿದ್ದು ಇವೆರಡಕ್ಕೂ ಅಲ್ಲ. ಗೊಬ್ಬರಕ್ಕೆ.

ಇದನ್ನು ಹಳೆಯ ತಲೆಮಾರಿನವರಿಗೆ ವಿವರಿಸಬೇಕಾಗಿಲ್ಲ, ಎಳೆಯರಿಗಾಗಿ ಹೇಳುತ್ತೇನೆ. ಮಳೆಗಾಲದಲ್ಲಿ ನಾಲ್ಕು ಸಾವಿರ ಮಿಲಿಮೀಟರಿನ ಹತ್ತಿರ ಮಳೆ ಸುರಿಯುವ ನೆಲ ಇದು. ಮುರಕಲ್ಲಿನ ಮೇಲಿನ ತೆಳುಮಣ್ಣಿನ ಸಾರವೆಲ್ಲ ಪ್ರತಿವರ್ಷ ತೊಳೆದು ಸಮುದ್ರ ಸೇರುತ್ತದೆ. ಈ ಮಣ್ಣಿನಲ್ಲಿ ಬೈಲಿನ ಭತ್ತ, ತೋಟದ ಅಡಿಕೆ ಬೆಳೆಯಬೇಕಾದರೆ ವರ್ಷ ವರ್ಷ ಗೊಬ್ಬರ ಕೊಡಲೇಬೇಕು. ಅದಕ್ಕೇ ಹಟ್ಟಿ. ಗುಡ್ಡದಿಂದ ಸೊಪ್ಪು ತಂದು ಹಟ್ಟಿಗೆ ಹಾಸಿ, ದನ ತುಳಿದು, ಸೆಗಣಿ–ಗಂಜಳ ಸೇರಿ, ಕೊಳೆತು ಗೊಬ್ಬರವಾಗಿ ತೋಟಕ್ಕೆ ಹೋಗುತ್ತಿತ್ತು. ವರ್ಗ ಜಮೀನಿಗೆ, ಅಂದರೆ ಸಾಗುವಳಿಯ ಪಟ್ಟಾ ಭೂಮಿಗೆ, ತಾಗಿದ ಕುಮ್ಕಿ ಎಂಬ ಸರ್ಕಾರಿ ನೆಲದಲ್ಲಿ ಸೊಪ್ಪು, ಹುಲ್ಲು, ಸೌದೆ ತರುವ ಸವಲತ್ತನ್ನು ಬ್ರಿಟಿಷರ ಕಂದಾಯ ವ್ಯವಸ್ಥೆಯೂ ಒಪ್ಪಿಕೊಂಡಿತ್ತೆಂದರೆ, ಗದ್ದೆ–ತೋಟಕ್ಕೂ ಗುಡ್ಡಕ್ಕೂ ಇದ್ದ ಸಂಬಂಧ ಎಷ್ಟು ಗಟ್ಟಿಯದೆಂದು ತಿಳಿಯುತ್ತದೆ. ಗುಡ್ಡವನ್ನು ಹೊತ್ತು ತೋಟಕ್ಕಿಳಿಸುತ್ತಿದ್ದುದು ದನ. ಅದು ಮಲೆನಾಡು ಗಿಡ್ಡ, ನಾವು ಊರ ದನ ಎನ್ನುವುದು. ಕುಳ್ಳು, ಗಟ್ಟಿ, ಮಳೆಗೆ ಜಗ್ಗದ್ದು, ಗುಡ್ಡದಲ್ಲಿ ಮೇದು ಸಂಜೆ ತಾನೇ ಹಟ್ಟಿಗೆ ಬರುವಂಥದ್ದು. ಹಾಲು ದಿನಕ್ಕೆ ಒಂದೆರಡು ಲೀಟರ್, ಅದೂ ಕರು ಕುಡಿದು ಉಳಿದದ್ದು. ಮಜ್ಜಿಗೆಗೆ ಅಷ್ಟು ಸಾಕಿತ್ತು. ಆ ಹಟ್ಟಿಯಲ್ಲಿ ಗಂಡುಕರುವೂ ಸೆಗಣಿ ಹಾಕುತ್ತಿತ್ತು, ಬೆಳೆದು ಗದ್ದೆ ಉಳುತ್ತಿತ್ತು. ಅದು ಯಾರಿಗೂ ಭಾರವಾಗಿರಲಿಲ್ಲ.

ಆ ಕಾಲವನ್ನು ಹೊಗಳಿ ಹಾಡುವ ಉದ್ದೇಶ ನನಗಿಲ್ಲ. ಸೊಪ್ಪು ಹೊತ್ತ ತಲೆಗಳು ಯಾರವು, ಹಟ್ಟಿ ಬಾಚಿದ ಕೈಗಳು ಯಾರವು ಎಂಬುದು ಗೊತ್ತಿದ್ದವರು ಹಾಗೆ ಹಾಡಲಾರರು. ಶಿವರಾಮ ಕಾರಂತರ ‘ಚೋಮನ ದುಡಿ’ ಕಾದಂಬರಿ ಬಂದದ್ದು 1933ರಲ್ಲಿ. ಅದರ ದಲಿತ ನಾಯಕ ಚೋಮನ ಹಟ್ಟಿಯಲ್ಲಿ ಎರಡು ಎತ್ತುಗಳಿದ್ದವು, ಉಳಲು ನೆಲವಿರಲಿಲ್ಲ, ಸಿಗಲೂ ಇಲ್ಲ. ಎತ್ತು ಇರುವುದೆಂದರೆ ಬೇಸಾಯಗಾರನಾಗುವ ಆಸೆ ಇರುವುದು ಎಂದು ಅರ್ಥವಿದ್ದ ಕಾಲ ಅದು. ಇವತ್ತು ಅದೇ ಎತ್ತು ಪುಕ್ಕಟೆ ಕೊಟ್ಟರೂ ಬೇಡ. ತೊಂಬತ್ತು ವರ್ಷಗಳಲ್ಲಿ ಏನಾಯಿತು?

ಆದದ್ದು ಇದು. 1970ರಲ್ಲಿ ಕ್ಷೀರಕ್ರಾಂತಿ ಶುರುವಾಯಿತು. 1974ರಲ್ಲಿ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮ ಬಂತು, ಮುಂದೆ ಅದೇ ಹಾಲು ಮಹಾಮಂಡಳವಾಯಿತು, ‘ನಂದಿನಿ’ ಮನೆಮಾತಾಯಿತು. ಊರೂರಿಗೆ ಸೊಸೈಟಿ, ಮಂಗಳೂರಿನ ಕುಲಶೇಖರದಲ್ಲಿ ಡೇರಿ, ಹಟ್ಟಿಗೆ ಜೆರ್ಸಿ ಮತ್ತು ಎಚ್‌ಎಫ್ (ಹೋಲ್‌ಸ್ಟೈನ್ ಫ್ರೀಸಿಯನ್) ಮಿಶ್ರತಳಿ. ಇದರಿಂದ ಆದ ಒಳಿತು ಸಣ್ಣದಲ್ಲ. ಅಡಿಕೆ ವರ್ಷಕ್ಕೊಮ್ಮೆ ದುಡ್ಡು ಕೊಟ್ಟರೆ ಹಾಲು ತಿಂಗಳು ತಿಂಗಳು ಕೊಟ್ಟಿತು, ಅದೂ ಎಷ್ಟೋ ಮನೆಗಳಲ್ಲಿ ಹೆಂಗಸರ ಹೆಸರಿನ ಪಾಸ್‌ಬುಕ್ಕಿಗೆ. ಹಾಲಿನ ದುಡ್ಡಿನಲ್ಲಿ ಓದಿದ ಮಕ್ಕಳು ಈ ಸಭೆಯಲ್ಲೇ ಇದ್ದಾರೆ. ವೀಗನ್ ಗೆಳೆಯರು ಹೈನುಗಾರಿಕೆಯನ್ನು ‘ಉದ್ದಿಮೆ’ ಎಂದು ಕರೆಯುವಾಗ ಸಾವಿರಾರು ಹಸುಗಳ ಫಾರ್ಮಿನ ಚಿತ್ರ ಅವರ ಕಣ್ಣಮುಂದಿರುತ್ತದೆ. ಇಲ್ಲಿ ಒಂದೋ ಎರಡೋ ದನ ಕಟ್ಟಿದ ಮನೆಗಳು. ಈ ವ್ಯತ್ಯಾಸವನ್ನು ಮರೆತು ಮಾತಾಡಿದರೆ ಯಾರೂ ಕಿವಿಗೊಡುವುದಿಲ್ಲ.

ಆದರೂ ಒಂದು ಸಂಗತಿ ತಲೆಕೆಳಗಾಯಿತು. ಗೊಬ್ಬರಕ್ಕಾಗಿ ದನ, ಜೊತೆಗೆ ಸ್ವಲ್ಪ ಹಾಲು ಎಂಬುದು ಹೋಗಿ, ಹಾಲಿಗಾಗಿ ದನ, ಜೊತೆಗೆ ಸ್ವಲ್ಪ ಗೊಬ್ಬರ ಎಂದಾಯಿತು. ಹಾಲಿನ ದನ ಗುಡ್ಡದಲ್ಲಿ ಮೇಯುವುದಿಲ್ಲ. ಮೇಯಲು ಗುಡ್ಡವೂ ಉಳಿದಿಲ್ಲ, ಅಲ್ಲಿ ಈಗ ರಬ್ಬರ್ ಇದೆ, ಮನೆ ನಿವೇಶನಗಳಿವೆ. ಗದ್ದೆಗಳು ಹಡಿಲು (ಪಾಳು) ಬಿದ್ದೋ ತೋಟವಾಗಿಯೋ ಹೋದಮೇಲೆ ಬೈಹುಲ್ಲು ಘಟ್ಟದ ಮೇಲಿನಿಂದ ಲಾರಿಯಲ್ಲಿ ಇಳಿಯಬೇಕು. ಪಶು ಆಹಾರದ ಚೀಲದೊಳಗಿನ ಮೆಕ್ಕೆಜೋಳ ಹಾವೇರಿ, ದಾವಣಗೆರೆ ಕಡೆಯ ಹೊಲಗಳ ಬೆಳೆ. ಹೀಗೆ ತೋಡಾರಿನ ಒಂದು ಲೋಟ ಹಾಲಿನ ಹಿಂದೆ ತೋಡಾರಿನ ನೆಲ ಸ್ವಲ್ಪವೇ ಇದೆ, ಬೇರೆಯವರ ನೆಲ ಜಾಸ್ತಿ ಇದೆ. ಜಾಗತಿಕ ಅಂಕಿಗಳನ್ನು ಕೊಡುವವರು ಹೇಳುವುದೂ ಇದನ್ನೇ.

ಹಾಗಾದರೆ ಹಟ್ಟಿ ಮುಚ್ಚಿಬಿಡೋಣವೆ? ಮುಚ್ಚಿದ ಮನೆಗಳು ಊರಲ್ಲಿ ಸಾಕಷ್ಟಿವೆ. ಅವರ ತೋಟಕ್ಕೆ ಗೊಬ್ಬರ ಎಲ್ಲಿಂದ ಬರುತ್ತದೆ? ಬಹುಪಾಲು ಚೀಲದಿಂದ. ಪಣಂಬೂರಿನ ಕಾರ್ಖಾನೆಯಲ್ಲಿ ಯೂರಿಯಾ ತಯಾರಾಗುತ್ತದೆ. ಮೊದಲು ಅದಕ್ಕೆ ನ್ಯಾಫ್ತಾ ಬೇಕಿತ್ತು. 2021ರ ಜನವರಿಯಲ್ಲಿ ಕೊಚ್ಚಿ–ಮಂಗಳೂರು ಅನಿಲ ಕೊಳವೆಮಾರ್ಗ ಉದ್ಘಾಟನೆಯಾದ ಮೇಲೆ ನೈಸರ್ಗಿಕ ಅನಿಲಕ್ಕೆ ದಾರಿಯಾಯಿತು. ಎರಡೂ ನೆಲದಾಳದಿಂದ ತೆಗೆದ ಇಂಧನಗಳೇ. ದನದ ಮೀಥೇನನ್ನು ಲೆಕ್ಕ ಹಿಡಿಯುವವರು ಈ ಚೀಲದ ಹಿಂದಿನ ಅನಿಲವನ್ನೂ ಹಿಡಿಯಬೇಕು.

ಇಲ್ಲಿ ಒಂದು ನ್ಯಾಯವಾದ ಪ್ರತಿಪ್ರಶ್ನೆಯಿದೆ. ದನವಿಲ್ಲದೆಯೂ ಗೊಬ್ಬರ ಆಗುವುದಿಲ್ಲವೆ? ಆಗುತ್ತದೆ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರ ತೆಂಗಿನ ಗರಿಗಳನ್ನು ಎರೆಹುಳುಗಳಿಂದ ಗೊಬ್ಬರ ಮಾಡಿಸುವ ಕ್ರಮವನ್ನು ರೂಪಿಸಿದೆ. ಗ್ಲಿರಿಸಿಡಿಯಾ ಬೇಲಿ ಹಾಕಿ ಸೊಪ್ಪನ್ನು ನೇರ ಬುಡಕ್ಕೆ ಹಾಕುವವರಿದ್ದಾರೆ. ಆದರೆ ಎರೆಗೊಬ್ಬರದ ತೊಟ್ಟಿಗೂ ಸೆಗಣಿ ಬೆರೆಸುವುದೇ ವಾಡಿಕೆ. ಒಂದೇ ಒಂದು ದನವೂ ಇಲ್ಲದ ಕೃಷಿ ಅಸಾಧ್ಯ ಎಂದು ನಾನು ಹೇಳುವುದಿಲ್ಲ. ಆದರೆ ಹಟ್ಟಿ ಮುಚ್ಚಿದವರಲ್ಲಿ ಹೆಚ್ಚಿನವರು ಎರೆಹುಳದ ಕಡೆ ಹೋಗಲಿಲ್ಲ, ಯೂರಿಯಾ ಚೀಲದ ಕಡೆ ಹೋದರು. ನಾನು ಮಾತಾಡುತ್ತಿರುವುದು ಹಾಗೆ ಆದುದರ ಬಗ್ಗೆ.

ಈಗ ಬಿಟ್ಟುಹೋದ ಸಾಲಿಗೆ ಬರುತ್ತೇನೆ.

ದನ ಹಾಲು ಕೊಡಬೇಕಾದರೆ ಕರು ಹಾಕಬೇಕು. ಎರಡು ಸೂಲಿಗೆ ಒಂದು ಗಂಡು ಎಂಬುದು ಪ್ರಕೃತಿಯ ಅಂದಾಜು. ಹೆಣ್ಣು ಕರು ಹಟ್ಟಿಯಲ್ಲಿ ಉಳಿಯುತ್ತದೆ. ಗಂಡು? 2019ರ ಜಾನುವಾರು ಗಣತಿ ತೆರೆದು ನೋಡಿ. ದೇಶದಲ್ಲಿ ಹೆಣ್ಣು ದನಗಳು 14.51 ಕೋಟಿ. ಗಂಡು 4.74 ಕೋಟಿ. ಹಿಂದಿನ ಗಣತಿಯ ನಂತರದ ಏಳು ವರ್ಷಗಳಲ್ಲಿ ಹೆಣ್ಣು ಶೇ. 18ರಷ್ಟು ಹೆಚ್ಚಿದರೆ ಗಂಡು ಶೇ. 30ರಷ್ಟು ಇಳಿದಿದೆ. ಸರಿಸಮ ಹುಟ್ಟಿದವುಗಳಲ್ಲಿ ಸುಮಾರು ಹತ್ತು ಕೋಟಿಯ ಅಂತರ! ಆ ಅಂತರದಲ್ಲಿ ಹಾಲು ಸಾಲದೆ ಹಸಿವಿನಿಂದ ಸತ್ತ ಕರುಗಳಿವೆ, ರಾತ್ರೋರಾತ್ರಿ ಪೇಟೆಯ ಹೊರಗೆ ಬಿಟ್ಟುಬಂದವುಗಳಿವೆ, ಕಸಾಯಿಖಾನೆಗೆ ಹೋದವುಗಳಿವೆ.

ಕರ್ನಾಟಕದಲ್ಲಿ 1964ರ ಕಾಯ್ದೆ ಹಸು ಮತ್ತು ಕರುಗಳ ವಧೆಯನ್ನು ನಿಷೇಧಿಸಿತ್ತು, ಹನ್ನೆರಡು ವರ್ಷ ದಾಟಿದ ಅಥವಾ ಕೆಲಸಕ್ಕೆ ಬಾರದ ಎತ್ತು–ಹೋರಿಗಳಿಗೆ ಪ್ರಮಾಣಪತ್ರದ ಮೇಲೆ ಅವಕಾಶ ಕೊಟ್ಟಿತ್ತು. 2020ರ ಕಾಯ್ದೆ ಹದಿಮೂರು ವರ್ಷ ದಾಟಿದ ಎಮ್ಮೆ–ಕೋಣಗಳನ್ನು ಬಿಟ್ಟು ಉಳಿದೆಲ್ಲವನ್ನೂ ನಿಷೇಧಿಸಿತು. ಶಿಕ್ಷೆ ಮೂರರಿಂದ ಏಳು ವರ್ಷ. ಕೊಲ್ಲಬಾರದು ಎಂದು ಕಾನೂನು ಹೇಳಿತು. ಸಾಕುವವರು ಯಾರು ಎಂಬುದಕ್ಕೆ ಉತ್ತರ ಕೊಡಲಿಲ್ಲ.

ಉತ್ತರದ ಬೆಲೆ ಎಷ್ಟೆಂದು ನಾವೇ ಲೆಕ್ಕ ಹಾಕೋಣ. 2022ರಲ್ಲಿ ಸರ್ಕಾರ ಪುಣ್ಯಕೋಟಿ ದತ್ತು ಯೋಜನೆ ತಂದಾಗ, ಒಂದು ಜಾನುವಾರಿನ ಒಂದು ವರ್ಷದ ದತ್ತುವಿಗೆ 11,000 ರೂಪಾಯಿ ಎಂದು ಗೊತ್ತುಮಾಡಿತು. ದಿನಕ್ಕೆ ಮೂವತ್ತು ರೂಪಾಯಿ, ಹುಲ್ಲಿನ ಈಗಿನ ಬೆಲೆಯಲ್ಲಿ ಇದು ಕಡಿಮೆಯೇ. ಇರಲಿ. ಒಂದು ಹೋರಿ ಹದಿನೈದು ವರ್ಷ ಬದುಕುತ್ತದೆಂದು ಇಟ್ಟುಕೊಂಡರೆ 1,65,000 ರೂಪಾಯಿ. ದಿನಕ್ಕೆ ಸರಾಸರಿ ಎಂಟು ಲೀಟರಿನಂತೆ ಮುನ್ನೂರು ದಿನ ಕರೆಯುವ ದನ ಒಂದು ಸೂಲಿನಲ್ಲಿ 2,400 ಲೀಟರ್ ಕೊಡುತ್ತದೆ. ಎರಡು ಸೂಲಿಗೆ ಒಂದು ಗಂಡುಕರು, 4,800 ಲೀಟರ್ ಹಾಲು. ಭಾಗಿಸಿದರೆ ಲೀಟರಿಗೆ ಸುಮಾರು 34 ರೂಪಾಯಿ. ಇದು ಗಂಡುಕರುವಿನದು ಮಾತ್ರ. ಹಾಲು ಬತ್ತಿದ ತಾಯಿಯ ಮುಪ್ಪಿನ ವರ್ಷಗಳನ್ನು ನಾನು ಸೇರಿಸಿಲ್ಲ. 2025ರ ಏಪ್ರಿಲಿನಲ್ಲಿ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿದಾಗ ಎಷ್ಟು ಗದ್ದಲವಾಯಿತೆಂದು ನಿಮಗೆ ನೆನಪಿದೆ. ಆಗ ಸರ್ಕಾರ ಕೊಡುತ್ತಿದ್ದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ. ಹಿಂಸೆಯಿಲ್ಲದ ಹಾಲಿನ ನಿಜವಾದ ಬೆಲೆಗೂ ನಾವು ಕೊಡುತ್ತಿರುವ ಬೆಲೆಗೂ ಇರುವ ಅಂತರವನ್ನು ಇಷ್ಟು ವರ್ಷ ತುಂಬಿದ್ದು ಗಂಡುಕರು, ತನ್ನ ಜೀವ ಕೊಟ್ಟು.

ಹಾಲು ಕುಡಿಯುವ ಸಸ್ಯಾಹಾರಿಗಳು, ನಾನೂ ಸೇರಿ, ಈ ಮಾತನ್ನು ಅರಗಿಸಿಕೊಳ್ಳಬೇಕು. ನಮ್ಮ ತುಪ್ಪ ಅಗ್ಗವಾಗಿದ್ದುದು ಆ ಗಂಡುಕರುವನ್ನು ಇನ್ಯಾರೋ ಕೊಂಡು ತಿನ್ನುತ್ತಿದ್ದುದರಿಂದ. ತುಪ್ಪವೂ ಕರುವೂ ಒಂದೇ ಹಟ್ಟಿಯಿಂದ ಹೊರಟವು. ಮಾರಿದವನು ಶುದ್ಧ, ಕೊಂಡವನು ಪಾಪಿ ಎಂಬ ನ್ಯಾಯ ಯಾವ ಧರ್ಮದ್ದು? ಬಸದಿಗಳ ಊರಾದ ಮೂಡುಬಿದಿರೆಯ ನೆರೆಯಲ್ಲಿ ನಿಂತು ಮಾತಾಡುತ್ತಿದ್ದೇನೆ. ಜೈನಶಾಸ್ತ್ರ ಹಿಂಸೆಯನ್ನು ಕೃತ, ಕಾರಿತ, ಅನುಮೋದಿತ ಎಂದು ಮೂರಾಗಿ ವಿಂಗಡಿಸಿದೆ: ತಾನೇ ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಆಗಲಿ ಎಂದು ಒಪ್ಪಿದ್ದು. 1209ರ ಸುಮಾರಿಗೆ ಜನ್ನ ಬರೆದ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ತಾಯಿ–ಮಗ ಜನ್ಮ ಜನ್ಮಾಂತರ ನೋಯುತ್ತಾರೆ, ಜೀವ ಹೋಗದಿದ್ದರೂ ಕೊಲ್ಲುವ ಸಂಕಲ್ಪವಿತ್ತೆಂದು. ಕೊಲ್ಲುವ ಸಂಕಲ್ಪ ನಮಗಿಲ್ಲ, ನಿಜ. ಆದರೆ ಜೀವ ಹೋಗುತ್ತಿದೆ. ಜನ್ನನ ಅಳತೆಗೋಲು ಇಷ್ಟು ಸೂಕ್ಷ್ಮವಾಗಿದ್ದ ನಾಡಿನಲ್ಲಿ, ಮಾಡಿಸಿದ್ದೂ ಒಪ್ಪಿದ್ದೂ ನಮ್ಮ ಮೇಲೆ ಬರುವುದಿಲ್ಲ ಎನ್ನಲು ನನಗೆ ಧೈರ್ಯವಿಲ್ಲ. ಉತ್ತರ ಅಮೆರಿಕದ ಹಲವು ಜೈನ ಕುಟುಂಬಗಳು ಹಾಲು ಬಿಟ್ಟದ್ದು ಇದೇ ಯೋಚನೆಯಿಂದ.

ಗಾಂಧೀಜಿಗೂ ಈ ಯೋಚನೆ ಬಂದಿತ್ತು. ಕಲ್ಕತ್ತೆಯಲ್ಲಿ ಹಸುಗಳ ಮೇಲೆ ನಡೆಯುತ್ತಿದ್ದ ‘ಫೂಕಾ’ ಎಂಬ ಕ್ರೂರ ಪದ್ಧತಿಯ ಬಗ್ಗೆ ಓದಿ, 1912ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಹಾಲು ಬಿಟ್ಟರು. ಮುಂದೆ ಗುಜರಾತಿನ ಖೇಡಾದಲ್ಲಿ ಮಾಡಿದ ಕೆಲಸದ ನಂತರ ಸಾವಿನ ಅಂಚಿನವರೆಗೆ ಹೋಗುವ ಕಾಯಿಲೆ ಬಂದಾಗ ಕಸ್ತೂರಬಾ, ಆಡಿನ ಹಾಲಿಗೆ ನಿಮ್ಮ ಅಭ್ಯಂತರವೇನು ಎಂದು ಕೇಳಿದರು. ಗಾಂಧೀಜಿ ಕುಡಿದರು, ಅದರ ನೋವನ್ನು ಆತ್ಮಕಥೆಯಲ್ಲಿ ಬರೆದರು. ದೇಹದ ಅಗತ್ಯ ಮತ್ತು ಮನಸ್ಸಿನ ನ್ಯಾಯ ಎರಡನ್ನೂ ಮುಚ್ಚಿಡದೆ ಹೇಳಿದ ಆ ಪ್ರಾಮಾಣಿಕತೆ ಎರಡೂ ಕಡೆಯವರಿಗೆ ಇವತ್ತು ಬೇಕಾಗಿದೆ.

ವೀಗನ್ ಗೆಳೆಯರಿಗೂ ಕೆಲವು ಮಾತು. ಹಾಲು ಬಿಡುವುದು ಕರಾವಳಿಯವರಿಗೆ ಅಷ್ಟು ದೊಡ್ಡ ತ್ಯಾಗವಲ್ಲ. ಕುಚ್ಚಲಕ್ಕಿ ಗಂಜಿ, ಹುರುಳಿ ಸಾರು, ಪತ್ರೊಡೆ, ಕಾಯಿಹಾಲಿನ ಪಾಯಸ, ಹಲವಕ್ಕೆ ತೆಂಗು ಬೇಕು, ಯಾವುದಕ್ಕೂ ದನ ಬೇಕಿಲ್ಲ. ಹೀಗಿರುವಾಗ ನೀರಿಗೆ ಪರದಾಡುವ ಕ್ಯಾಲಿಫೋರ್ನಿಯಾದ ಬಾದಾಮಿಯ ಹಾಲನ್ನು ಡಬ್ಬಿಯಲ್ಲಿ ತರಿಸುವುದು ಯಾವ ಪರಿಸರಪ್ರೇಮ? ಬಿ12 ಜೀವಸತ್ವದ ಮಾತ್ರೆ ಬೇಕಾಗುತ್ತದೆಂದು ಮುಚ್ಚಿಡದೆ ಹೇಳಿ. ಶಾಲೆಯಲ್ಲಿ ಮೊಟ್ಟೆ ತಿನ್ನುವ ಬಡಮಗುವಿನ ತಟ್ಟೆಗೆ ನಿಮ್ಮ ವಾದವನ್ನು ಒಯ್ಯಬೇಡಿ. ಆ ಮಗುವಿಗೆ ಬೇರೆ ಪ್ರೋಟೀನು ಕೊಂಡು ತಿನ್ನುವ ಶಕ್ತಿಯಿಲ್ಲ. ಇನ್ನೊಂದು, ಈ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು: ದನದ ಹೆಸರಿನಲ್ಲಿ ರಸ್ತೆಯ ಮೇಲೆ ಮನುಷ್ಯರನ್ನು ಹೊಡೆದಿರುವ ನೆಲ ಇದು. ಆಹಾರದ ಚರ್ಚೆಯನ್ನು ನೆರೆಮನೆಯ ಬ್ಯಾರಿ ಮುಸ್ಲಿಮರ, ಕ್ರೈಸ್ತರ, ದಲಿತರ ಅಡುಗೆಮನೆಗೆ ಇಣುಕುವ ನೆಪವಾಗಿ ಬಳಸುವವರ ಪಕ್ಕದಲ್ಲಿ ನಿಮ್ಮ ಹೆಸರು ಕಾಣದಂತೆ ನೋಡಿಕೊಳ್ಳಿ.

ಮೀನು, ಕೋಳಿಯ ಬಗ್ಗೆ ಬೇರೆಯೇ ಉಪನ್ಯಾಸ ಬೇಕು. ಬೂತಾಯಿ ಮೀನನ್ನು ಜನರ ಊಟಕ್ಕೆ ಹಿಡಿಯುವುದು ಒಂದು, ಟನ್ನುಗಟ್ಟಲೆ ಹಿಡಿದು ಹಿಂಡಿ–ಎಣ್ಣೆಯ ಕಾರ್ಖಾನೆಗೆ ಸುರಿಯುವುದು ಇನ್ನೊಂದು ಎಂದಷ್ಟೇ ಹೇಳುತ್ತೇನೆ. ಮೊಟ್ಟೆಕೋಳಿಯ ಉದ್ದಿಮೆಯಲ್ಲಿ ಸಾಮಾನ್ಯವಾಗಿ ಗಂಡುಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುತ್ತಾರೆ. ಗಂಡುಕರುವಿನ ಕಥೆಯೇ ಅಲ್ಲೂ.

ದಾರಿಗಳು ಇಲ್ಲದಿಲ್ಲ. ಹೆಣ್ಣುಕರುವೇ ಹುಟ್ಟುವಂತೆ ಲಿಂಗ ನಿರ್ಧರಿಸಿದ ವೀರ್ಯನಳಿಕೆಗಳು ಬಂದಿವೆ, ಹುಟ್ಟುವ ಹತ್ತು ಕರುಗಳಲ್ಲಿ ಒಂಬತ್ತು ಹೆಣ್ಣಾಗಿರುತ್ತವೆ ಎನ್ನುತ್ತಾರೆ. ದೇಶೀಯ ತಂತ್ರ ‘ಗೌಸಾರ್ಟ್’ 2024ರಲ್ಲಿ ಬಿಡುಗಡೆಯಾಯಿತು. ಮಿಶ್ರತಳಿ ಸಾಕುವವರು ಇದನ್ನು ಬಳಸಬೇಕು. ಹುಟ್ಟಿಸಿ ಹಸಿವಿನಿಂದ ಕೊಲ್ಲುವುದಕ್ಕಿಂತ ಹುಟ್ಟಿಸದಿರುವುದು ಲೇಸು. ಬೆಂಗಳೂರಿನ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ‘ಹರಿತ್ ಧಾರಾ’ ಎಂಬ ಪೂರಕ ಆಹಾರ ತಯಾರಿಸಿದೆ, ಮೀಥೇನ್ ಶೇ. 17ರಿಂದ 20ರಷ್ಟು ತಗ್ಗುತ್ತದೆ. ಇವೆಲ್ಲ ಉಪಯೋಗದವೇ, ಆದರೆ ಮೂಲವನ್ನು ಮುಟ್ಟುವಂಥವಲ್ಲ. ಕಂಬಳದ ಕೋಣಗಳ ಮಾತನ್ನೂ ಕೆಲವರು ಎತ್ತುತ್ತಾರೆ. 2023ರ ಮೇ 18ರಂದು ಸುಪ್ರೀಂ ಕೋರ್ಟು ಕಂಬಳಕ್ಕೆ ಅನುಮತಿಸುವ ಕರ್ನಾಟಕದ ತಿದ್ದುಪಡಿಯನ್ನು ಎತ್ತಿಹಿಡಿಯಿತು, ಮೂಡುಬಿದಿರೆಯ ಕಡಲಕೆರೆಯಲ್ಲಿ ಕೋಣಗಳು ಓಡುತ್ತಿವೆ. ಕೆಲಸವಿರುವ ಗಂಡುಪ್ರಾಣಿಯನ್ನು ನಮ್ಮ ಜನ ಎಷ್ಟು ಪ್ರೀತಿಯಿಂದ ಸಾಕುತ್ತಾರೆಂಬುದಕ್ಕೆ ಅದು ಸಾಕ್ಷಿ. ಆದರೆ ಕಂಬಳದಿಂದ ಉಳಿಯುವುದು ಕೆಲವೇ ಕೋಣಗಳು.

ಊರ ದನಕ್ಕೆ ಮರಳೋಣ ಎನ್ನುವವರಿಗೆ ಒಂದು ಕಹಿಮಾತು. ಲೀಟರು ಹಾಲಿನ ಲೆಕ್ಕದಲ್ಲಿ ಗಿಡ್ಡ ತಳಿಯ ಮೀಥೇನ್ ಮಿಶ್ರತಳಿಗಿಂತ ಹೆಚ್ಚು. ಹಾಲನ್ನು ಈಗಿನಷ್ಟೇ ಕುಡಿಯುತ್ತ ಊರ ದನಕ್ಕೆ ಹೋದರೆ ಭೂಮಿಗೆ ಕೇಡೇ. ಗೊಬ್ಬರಕ್ಕೆ ಕೆಲವೇ ದನ, ಗುಡ್ಡದ ಹುಲ್ಲು, ಸ್ವಲ್ಪ ಹಾಲು, ಗಂಡು–ಹೆಣ್ಣು ಎರಡಕ್ಕೂ ಹಟ್ಟಿಯಲ್ಲಿ ಜಾಗ ಎಂದಾದರೆ ಮಾತ್ರ ಅದು ಕೂಡಿಬರುತ್ತದೆ. ಅದಕ್ಕಾಗಿ ಎಲ್ಲರೂ ಹಾಲು ಕಡಿಮೆ ಮಾಡಬೇಕು. ಇರುವ ಹಾಲು ಮಕ್ಕಳಿಗೆ, ಬಾಣಂತಿಯರಿಗೆ, ಮುದುಕರಿಗೆ ಮೊದಲು. ಮದುವೆಯ ಊಟದ ನಾಲ್ಕು ಬಗೆಯ ಹಾಲಿನ ಸಿಹಿ ಯಾರ ಅಗತ್ಯವೂ ಅಲ್ಲ. ಕುಡಿಯುವ ಹಾಲಿಗೆ ಪೇಟೆಯವರು ಹೆಚ್ಚು ಬೆಲೆ ಕೊಡಬೇಕು, ಆ ಹೆಚ್ಚುವರಿ ದುಡ್ಡು ಹೋರಿಕರು ಮತ್ತು ಹಾಲು ಬತ್ತಿದ ದನವನ್ನು ಹಟ್ಟಿಯಲ್ಲೇ ಉಳಿಸಿಕೊಂಡವರ ಖಾತೆಗೆ ಬರಬೇಕು. ದೂರದ ಗೋಶಾಲೆಗೆ ಕೊಟ್ಟು ಕೈತೊಳೆದುಕೊಳ್ಳುವುದಕ್ಕಿಂತ ಇದು ನ್ಯಾಯ. ಅವುಗಳ ಸೆಗಣಿ ಬೇಕಾದದ್ದು ಈ ತೋಟಗಳಿಗೇ.

ಇದಕ್ಕೆಲ್ಲ ಮೊದಲು ಮೇಯಲು ನೆಲ ಬೇಕು. ಕರ್ನಾಟಕ ಭೂಕಂದಾಯ ನಿಯಮಗಳು ಗ್ರಾಮದ ನೂರು ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು ಮೂವತ್ತು ಎಕರೆ ಗೋಮಾಳ ಕಾದಿರಿಸಬೇಕೆಂದು ಹೇಳುತ್ತವೆ. ಹಾಲು ಹಾಕುವವರೂ ಹಾಲು ಬಿಟ್ಟವರೂ ಒಟ್ಟಾಗಿ ಮುಂದಿನ ಗ್ರಾಮಸಭೆಗೆ ಹೋಗಿ. ನಮ್ಮ ಗ್ರಾಮದಲ್ಲಿ ಜಾನುವಾರು ಎಷ್ಟು, ದಾಖಲೆಯಲ್ಲಿ ಗೋಮಾಳ ಎಷ್ಟು, ನೆಲದ ಮೇಲೆ ಉಳಿದದ್ದೆಷ್ಟು ಎಂದು ಲಿಖಿತವಾಗಿ ಕೇಳಿ, ಉತ್ತರವನ್ನು ನಡವಳಿಯಲ್ಲಿ ಬರೆಸಿ.